ಮಂಜೂರಾದ ಗ್ರಾಂಟ್ ಅರ್ಧಕ್ಕೇ ನಿಂತುಹೋಗುವುದು ಯಾಕೆ?

2025ರ ಮೇ 2, ಶುಕ್ರವಾರ ಸಂಜೆ. ಅಮೆರಿಕದ ಉದ್ದಗಲಕ್ಕೂ ಇರುವ ನಾಟಕ ತಂಡಗಳು, ಸಣ್ಣ ಪ್ರಕಾಶಕರು, ಸಂಗೀತ ಸಂಸ್ಥೆಗಳು, ಮ್ಯೂಸಿಯಂಗಳಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಇಮೇಲ್‌ಗಳು ಬರತೊಡಗಿದವು. ಕಳಿಸಿದ್ದು ಅಲ್ಲಿನ ಕೇಂದ್ರ ಸರ್ಕಾರದ ಕಲಾ ಸಂಸ್ಥೆಯಾದ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್, ಚಿಕ್ಕದಾಗಿ ಎನ್‌ಇಎ. ನಿಮಗೆ ಕೊಡುತ್ತೇವೆ ಎಂದಿದ್ದ ಅನುದಾನವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ, ಇಲ್ಲವೇ ಮೇ 31ಕ್ಕೆ ನಿಲ್ಲಿಸುತ್ತಿದ್ದೇವೆ ಎಂಬುದು ಅವುಗಳ ಸಾರ. ಕೊಟ್ಟ ಕಾರಣ, ಸಂಸ್ಥೆಯ ಆದ್ಯತೆಗಳು ಬದಲಾಗಿವೆ ಎಂಬುದು. ಎನ್‌ಇಎಯನ್ನೇ ಮುಚ್ಚಬೇಕೆಂಬ ಪ್ರಸ್ತಾಪವಿದ್ದ ಬಜೆಟ್ ಅನ್ನು ಅಧ್ಯಕ್ಷ ಟ್ರಂಪ್ ಮುಂದಿಟ್ಟದ್ದೂ ಅದೇ ದಿನ. ಕೆಲವೇ ದಿನಗಳಲ್ಲಿ ಸಂಸ್ಥೆಯ ನಾಟಕ, ನೃತ್ಯ, ಜಾನಪದ ವಿಭಾಗಗಳ ಮುಖ್ಯಸ್ಥರು ಹುದ್ದೆ ಬಿಟ್ಟರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೋರ್ಟೊಂದು ಎನ್‌ಇಎ ವಿರುದ್ಧ ತೀರ್ಪು ಕೊಟ್ಟಿತು. ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಕೊಟ್ಟ ಹಣವನ್ನು ವಾಪಸ್ ಕಿತ್ತುಕೊಳ್ಳಬಹುದಾ? ಅದಕ್ಕೆ ಕಾನೂನಿನ ಬಲ ಇದೆಯಾ? ಕೋರ್ಟು ಕಲಾವಿದರ ಪರ ನಿಂತಿತು ಅಂದರೆ ನಿಂತುಹೋದ ಅನುದಾನ ಮತ್ತೆ ಸಿಕ್ಕಿತು ಅಂತಲಾ? ಇದಕ್ಕೆಲ್ಲ ಉತ್ತರ ಸಿಗಬೇಕಾದರೆ ಅನುದಾನ ಎನ್ನುವ ವ್ಯವಸ್ಥೆ ಒಳಗಿನಿಂದ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಕಲೆಗಾಗಿ ಎಲ್ಲೇ, ಯಾರ ಬಳಿಯೇ ಅರ್ಜಿ ಹಾಕುವವರಿಗೂ ಇದು ಗೊತ್ತಿರಬೇಕಾದ ವಿಷಯ.

ಮಂಜೂರಾತಿ ಅಂದರೆ ಹಣ ಕೈಗೆ ಬಂತು ಅಂತಲ್ಲ

ಪ್ರಶಸ್ತಿ ಬೇರೆ, ಅನುದಾನ ಬೇರೆ. ಪ್ರಶಸ್ತಿ ಸಿಗುವುದು ಮಾಡಿ ಮುಗಿಸಿದ ಕೆಲಸಕ್ಕೆ. ಅನುದಾನ ಸಿಗುವುದು ಮುಂದೆ ಮಾಡುವ ಕೆಲಸಕ್ಕೆ. ಹಾಗಾಗಿ ಅದು ಒಂದು ಒಪ್ಪಂದ. ಇಂಥ ಕೆಲಸವನ್ನು, ಇಂಥ ಅವಧಿಯಲ್ಲಿ, ಇಷ್ಟು ಖರ್ಚಿನಲ್ಲಿ ಮಾಡುತ್ತೇನೆ ಎಂದು ಅರ್ಜಿದಾರರು ಬರೆದುಕೊಡುತ್ತಾರೆ. ಸಾರ್ವಜನಿಕ ಹಣವಾದರೆ ಸಾಮಾನ್ಯವಾಗಿ ಖರ್ಚಾದ ಹಾಗೆಲ್ಲ, ಅಥವಾ ಸದ್ಯದಲ್ಲೇ ಆಗುವ ಖರ್ಚಿಗೆ ತಕ್ಕಷ್ಟೇ ಹಣ ಬಿಡುಗಡೆ ಆಗುತ್ತದೆ. ಕೊನೆಗೆ ವರದಿ ಕೊಡಬೇಕು, ಲೆಕ್ಕ ಒಪ್ಪಿಸಬೇಕು.

ಅಂದರೆ "ಅನುದಾನ ಮಂಜೂರಾಗಿದೆ" ಎಂಬ ಪತ್ರ ಬಂದ ದಿನ ಬ್ಯಾಂಕ್ ಖಾತೆಯಲ್ಲಿ ಏನೂ ಇರುವುದಿಲ್ಲ. ಮೇ ತಿಂಗಳ ಇಮೇಲ್‌ಗಳು ಬಂದಾಗಲೂ ಬಹುಪಾಲು ಸಂಸ್ಥೆಗಳ ಕಷ್ಟ ಇದ್ದದ್ದು ಪಡೆದ ಹಣ ಹಿಂದಿರುಗಿಸುವುದರಲ್ಲಲ್ಲ, ಬರಬೇಕಾದ ಹಣ ಬಾರದೇ ಇರುವುದರಲ್ಲಿ. ಮೇ 31ರವರೆಗೆ ಆದ ಖರ್ಚನ್ನು ಕೇಳಬಹುದಿತ್ತು. ಅದರ ಆಚೆಗೆ ಆಗುವ ಖರ್ಚು ಅವರ ತಲೆಗೇ.

ಕಾನೂನಿನ ಬಲದ ಪ್ರಶ್ನೆಗೂ ಉತ್ತರ ಒಪ್ಪಂದದ ಒಳಗೇ ಇದೆ. ಅಮೆರಿಕದ ಕೇಂದ್ರ ಸರ್ಕಾರದ ಎಲ್ಲ ಅನುದಾನಗಳಿಗೂ ಒಂದು ಸಾಮಾನ್ಯ ನಿಯಮಾವಳಿ ಇದೆ. ಅನುದಾನವೊಂದು ಕಾರ್ಯಕ್ರಮದ ಗುರಿಗಳಿಗೆ ಅಥವಾ ಸಂಸ್ಥೆಯ ಆದ್ಯತೆಗಳಿಗೆ ಇನ್ನು ನೆರವಾಗುವುದಿಲ್ಲ ಎಂದಾದರೆ, ಕಾನೂನು ಒಪ್ಪುವ ಮಿತಿಯಲ್ಲಿ ಅದನ್ನು ನಿಲ್ಲಿಸಬಹುದು ಎಂದು ಅದರ ಒಂದು ಕಲಮು ಹೇಳುತ್ತದೆ. ಇದು 2025ರಲ್ಲಿ ಹೊಸದಾಗಿ ಬಂದದ್ದಲ್ಲ. ಮೊದಲೇ ಇತ್ತು. ಆದರೆ ಇಷ್ಟು ದೊಡ್ಡ ಪ್ರಮಾಣದಲ್ಲಿ, ಹೀಗೆ ಒಂದೇ ಸಲಕ್ಕೆ ಯಾರೂ ಅದನ್ನು ಬಳಸಿರಲಿಲ್ಲ. ಹಾಗಾಗಿ ಅದನ್ನು ಯಾರೂ ಗಂಭೀರವಾಗಿ ಓದಿಯೂ ಇರಲಿಲ್ಲ. ಆ ಏಪ್ರಿಲ್‌ನಲ್ಲೇ ಮಾನವಿಕ ವಿಷಯಗಳಿಗೆ ಹಣ ಕೊಡುವ ಸೋದರ ಸಂಸ್ಥೆ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಹೀಗೇ ನಿಲ್ಲಿಸಿತ್ತು. ಆ ಕಲಮನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದು ಈಗ ಕೋರ್ಟುಗಳಲ್ಲಿ ವಾದಕ್ಕೆ ಬಂದಿರುವ ವಿಷಯ.

ಅರ್ಜಿ ಹಾಕುವುದೇ ಒಂದು ಕೆಲಸ

ನೋವು ಎಷ್ಟು ಆಳದ್ದು ಎಂದು ತಿಳಿಯಬೇಕಾದರೆ ಆ ಪತ್ರ ಸಿಗಲು ಎಷ್ಟು ದೂರ ನಡೆದಿರುತ್ತಾರೆ ಎಂದು ನೋಡಬೇಕು. ಎನ್‌ಇಎ ಯೋಜನಾ ಅನುದಾನಕ್ಕೆ ಫೆಬ್ರವರಿಯಲ್ಲಿ ಅರ್ಜಿ ಹಾಕಿದವರು ಕೆಲಸ ಶುರುಮಾಡಬಹುದಾದದ್ದು ಮುಂದಿನ ವರ್ಷದ ಜನವರಿಯಲ್ಲಿ. ಅದಕ್ಕೂ ಮುಂಚೆ ಸಂಸ್ಥೆಗೆ ಸರ್ಕಾರಿ ನೋಂದಣಿ ಬೇಕು. ಆ ನೋಂದಣಿಯನ್ನು ವರ್ಷವರ್ಷ ನವೀಕರಿಸಬೇಕು. ಅರ್ಜಿಯ ಮೊದಲ ಭಾಗ ಒಂದು ವೆಬ್‌ಸೈಟ್‌ನಲ್ಲಿ, ಎರಡನೇ ಭಾಗ ಇನ್ನೊಂದರಲ್ಲಿ. ಯೋಜನೆಯ ವಿವರ, ಭಾಗವಹಿಸುವ ಕಲಾವಿದರ ಪರಿಚಯ, ಹಿಂದಿನ ಕೆಲಸದ ಮಾದರಿ, ಬಜೆಟ್, ಪ್ರೇಕ್ಷಕರು ಯಾರು, ಕೆಲಸ ಯಶಸ್ವಿಯಾಯಿತು ಎಂದು ಹೇಗೆ ಅಳೆಯುತ್ತೀರಿ, ಹೀಗೆ ಸಾಗುತ್ತದೆ ಪಟ್ಟಿ.

ಆಮೇಲೆ ಆ ಕ್ಷೇತ್ರದ ಪರಿಣತರ ಸಮಿತಿ ಓದುತ್ತದೆ. ಅದರಲ್ಲಿ ಕಲಾರಂಗದವರಲ್ಲದ, ಆದರೆ ಕಲೆಯ ಬಗ್ಗೆ ತಿಳಿವಳಿಕೆ ಇರುವ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು ಎಂಬ ನಿಯಮವೂ ಇದೆ. ಸಮಿತಿಯ ಶಿಫಾರಸು ರಾಷ್ಟ್ರೀಯ ಮಂಡಳಿಗೆ ಹೋಗುತ್ತದೆ. ಕೊನೆಯ ಮಾತು ಸಂಸ್ಥೆಯ ಅಧ್ಯಕ್ಷರದು.

ಇಷ್ಟೆಲ್ಲ ಸುಮ್ನೆ ಮಾಡಿದ್ದಲ್ಲ. ತೆರಿಗೆದಾರರ ಹಣ ಯಾರೋ ಒಬ್ಬ ಅಧಿಕಾರಿಯ ಇಷ್ಟದ ಮೇಲೆ ಹಂಚಿಹೋಗಬಾರದು ಎಂದೇ ಇಷ್ಟು ಮೆಟ್ಟಿಲುಗಳನ್ನು ಇಟ್ಟಿದ್ದಾರೆ. ಆದರೆ ಇದರಿಂದ ಆಗಿರುವುದೇನೆಂದರೆ, ದೊಡ್ಡ ಸಂಸ್ಥೆಗಳಲ್ಲಿ ಅರ್ಜಿ ಬರೆಯುವುದಕ್ಕೇ ಸಂಬಳದ ಜನ ಇರುತ್ತಾರೆ, ಸಣ್ಣ ತಂಡಗಳಲ್ಲಿ ನಾಟಕ ನಿರ್ದೇಶಿಸುವವರೇ ರಾತ್ರಿ ಕೂತು ಅರ್ಜಿಯನ್ನೂ ಬರೆಯುತ್ತಾರೆ. ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಒಂದು ಬಜೆಟ್‌ನ ಒಳಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ. ಸುದ್ದಿಗಳಲ್ಲಿ ಬಾರದೇ ಉಳಿದ ಮುಖ್ಯ ಸಂಗತಿ ಇರುವುದು ಇಲ್ಲೇ.

ಎನ್‌ಇಎ ಕೊಡುವ ಪ್ರತಿ ಡಾಲರ್‌ಗೆ ಪಡೆಯುವವರು ಇನ್ನೊಂದು ಡಾಲರ್ ಬೇರೆ ಕಡೆಯಿಂದ ಹೊಂದಿಸಬೇಕು. ಕೇಂದ್ರ ಸರ್ಕಾರದ ಬೇರೆ ಹಣವನ್ನು ಇದಕ್ಕೆ ತೋರಿಸುವಂತಿಲ್ಲ. ಉದಾಹರಣೆಗೆ ಒಂದು ಸಣ್ಣ ತಂಡ ಹೊಸ ನಾಟಕಕ್ಕಾಗಿ 20,000 ಡಾಲರ್ ಕೇಳಿದೆ ಎಂದುಕೊಳ್ಳಿ. ಒಟ್ಟು ಬಜೆಟ್ 40,000. ತಂಡ ತನ್ನ ಪಾಲಿನ 20,000ವನ್ನು ಹೀಗೆ ತೋರಿಸುತ್ತದೆ: ದಾನಿಗಳಿಂದ 8,000, ಟಿಕೆಟ್ ಮಾರಾಟದಿಂದ 6,000, ಶಾಲೆಯೊಂದು ತಾಲೀಮಿಗೆ ಉಚಿತವಾಗಿ ಕೊಟ್ಟ ಹಾಲ್‌ನ ಬೆಲೆ 4,000, ಸ್ವಯಂಸೇವಕರು ವೇಷಭೂಷಣ ಹೊಲಿದ ದುಡಿಮೆಯ ಬೆಲೆ 2,000. ನಿಯಮದ ಪ್ರಕಾರ ಇದು ಸರಿಯೇ. ಉಚಿತವಾಗಿ ಸಿಕ್ಕ ಜಾಗ, ಸಮಯಕ್ಕೂ ಬೆಲೆ ಕಟ್ಟಿ ತೋರಿಸಬಹುದು.

ಈಗ ಕಾಗದ ಬಿಟ್ಟು ಕೈಯಲ್ಲಿ ಏನಿದೆ ನೋಡಿ. ಹಾಲ್‌ನ 4,000 ಮತ್ತು ಹೊಲಿಗೆಯ 2,000ದಿಂದ ನಟರ ಸಂಭಾವನೆ ಕೊಡಲಾಗುವುದಿಲ್ಲ. ಟಿಕೆಟ್‌ನ 6,000 ಬರುವುದು ಪ್ರದರ್ಶನ ಆದ ಮೇಲೆ. ಅನುದಾನದ 20,000 ಬರುವುದು ಖರ್ಚು ಆದ ಹಾಗೆ. 40,000ದ ಯೋಜನೆ ಶುರುವಾಗುವ ದಿನ ತಂಡದ ಕೈಯಲ್ಲಿರುವ ನಿಜವಾದ ನಗದು 8,000 ಮಾತ್ರ.

ತಾಲೀಮು ಅರ್ಧ ಆಗಿದೆ. ನಾಟಕಕಾರರಿಗೆ ಹಣ ಕೊಟ್ಟಾಗಿದೆ, ರಂಗಸಜ್ಜಿಕೆ ಮುಗಿದಿದೆ, ರಂಗಮಂದಿರಕ್ಕೆ ಮುಂಗಡ ಕಟ್ಟಿದ್ದಾರೆ. ಆ ಹೊತ್ತಿಗೆ ಅನುದಾನ ನಿಂತಿತು ಅಂದುಕೊಳ್ಳಿ. 11,000 ಬಂದಿದೆ, 9,000 ಬರುವುದಿಲ್ಲ. ನಷ್ಟ 9,000 ಎಂದು ಪತ್ರಿಕೆ ಬರೆಯುತ್ತದೆ. ಆದರೆ ಆ 9,000 ಇರದೇ ನಟರಿಗೆ ಕೊಡಲು ಹಣವಿಲ್ಲ. ನಟರಿಲ್ಲದೇ ಪ್ರದರ್ಶನವಿಲ್ಲ. ಪ್ರದರ್ಶನವಿಲ್ಲದೇ ಟಿಕೆಟ್‌ನ 6,000 ಇಲ್ಲ. ಮುಂಗಡ ಹೋಯಿತು. ಈಗಾಗಲೇ ಖರ್ಚಾದ ಹಣದಿಂದ ಜನರ ಮುಂದೆ ಬಂದದ್ದು ಏನೂ ಇಲ್ಲ. ಸರ್ಕಾರದ ದೃಷ್ಟಿಯಲ್ಲಿ ನೋಡಿದರೂ, ಉಳಿಸಿದ 9,000ಕ್ಕಾಗಿ ಮೊದಲು ಕೊಟ್ಟ 11,000 ನೀರಿನಲ್ಲಿ ಹೋಮವಾಯಿತು.

ಇನ್ನೊಂದು ಪೆಟ್ಟು ತಡವಾಗಿ ಬೀಳುತ್ತದೆ. ಎನ್‌ಇಎ ಆರಿಸಿದೆ ಎಂಬ ಕಾರಣಕ್ಕೇ ನಂಬಿಕೆ ಇಟ್ಟು ಹಣ ಕೊಡುವ ದಾನಿಗಳಿರುತ್ತಾರೆ. ಆ ಮೊಹರು ಅಳಿಸಿಹೋದಾಗ ಅವರೂ ಮುಂದಿನ ಸಲ ಯೋಚನೆ ಮಾಡುತ್ತಾರೆ.

ಸರ್ಕಾರದ ಪರ ವಾದ, ಕಲಾವಿದರ ಪರ ವಾದ

ಸರ್ಕಾರದ ಪರ ಇರುವವರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಹಣ ಜನರದು. ಜನ ಆರಿಸಿದ ಸರ್ಕಾರಕ್ಕೆ ಯಾವುದಕ್ಕೆ ಖರ್ಚು ಮಾಡಬೇಕು ಎಂದು ತೀರ್ಮಾನಿಸುವ ಹಕ್ಕಿದೆ. ಅನುದಾನ ಸಿಗದಿದ್ದರೆ ಯಾರ ಬಾಯಿಯನ್ನೂ ಮುಚ್ಚಿದಂತಲ್ಲ, ಅವರು ಸ್ವಂತ ಹಣದಲ್ಲಿ ಮಾಡಿಕೊಳ್ಳಲಿ. ಈ ವಾದಕ್ಕೆ ಸುಪ್ರೀಂ ಕೋರ್ಟಿನ ಆಸರೆಯೂ ಇದೆ. 1990ರಲ್ಲಿ ನಾಲ್ವರು ರಂಗ ಕಲಾವಿದರಿಗೆ ಸಮಿತಿ ಶಿಫಾರಸು ಮಾಡಿದ್ದ ಅನುದಾನವನ್ನು ಆಗಿನ ಎನ್‌ಇಎ ಅಧ್ಯಕ್ಷರು ತಡೆದರು. ಅದೇ ವರ್ಷ, ಅನುದಾನ ಕೊಡುವಾಗ ಸಭ್ಯತೆಯನ್ನೂ ಜನರ ನಂಬಿಕೆಗಳ ಮೇಲಿನ ಗೌರವವನ್ನೂ ಗಮನದಲ್ಲಿಡಬೇಕು ಎಂದು ಅಲ್ಲಿನ ಸಂಸತ್ತು ಕಾನೂನಿಗೆ ಸೇರಿಸಿತು. ಆ ಕಲಾವಿದರಲ್ಲಿ ಒಬ್ಬರಾದ ಕ್ಯಾರನ್ ಫಿನ್ಲಿ ಅವರ ಹೆಸರಿನ ಮೊಕದ್ದಮೆಯಲ್ಲಿ, 1998ರಲ್ಲಿ, ಸುಪ್ರೀಂ ಕೋರ್ಟ್ ಆ ಸೇರ್ಪಡೆಯನ್ನು ಎತ್ತಿಹಿಡಿಯಿತು. ಆರಿಸುವುದು ಅಂದಮೇಲೆ ಯಾವುದೋ ಅಳತೆಗೋಲು ಇದ್ದೇ ಇರುತ್ತದೆ ಎಂಬುದು ಅದರ ಹಿಂದಿನ ತರ್ಕ.

ಆದರೆ ಅದೇ ತೀರ್ಪಿನಲ್ಲಿ ಒಂದು ಗೆರೆಯೂ ಇದೆ. ಗಮನದಲ್ಲಿಡುವುದು ಬೇರೆ, ಒಂದು ಅಭಿಪ್ರಾಯವನ್ನು ಶಿಕ್ಷಿಸಲು ಹಣವನ್ನು ಆಯುಧ ಮಾಡಿಕೊಳ್ಳುವುದು ಬೇರೆ. 2025ರ ಫೆಬ್ರವರಿಯಲ್ಲಿ ಎನ್‌ಇಎ ಅರ್ಜಿಯಲ್ಲಿ ಹೊಸ ಷರತ್ತು ಬಂತು. "ಲಿಂಗ ಸಿದ್ಧಾಂತ"ವನ್ನು, ಅಂದರೆ ಹುಟ್ಟಿನ ಲಿಂಗಕ್ಕಿಂತ ವ್ಯಕ್ತಿ ತಾನು ಗುರುತಿಸಿಕೊಳ್ಳುವ ಲಿಂಗವೇ ಮುಖ್ಯ ಎಂಬ ನಿಲುವನ್ನು, ಪ್ರಚಾರ ಮಾಡುವುದಿಲ್ಲ ಎಂದು ಬರೆದುಕೊಡಬೇಕಿತ್ತು. ರೋಡ್ ಐಲೆಂಡ್ ರಾಜ್ಯದ ಒಂದು ಕಲಾ ಸಂಸ್ಥೆ ಮತ್ತು ಕೆಲವು ರಂಗಸಂಸ್ಥೆಗಳು ಕೋರ್ಟಿಗೆ ಹೋದವು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶರು, ಈ ಅಭಿಪ್ರಾಯವನ್ನು ಹುಡುಕಿ ಅರ್ಜಿ ತೂಗುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು.

ಗೊಂದಲ ಹುಟ್ಟಿದ್ದು ಇಲ್ಲಿಯೇ. ಆ ತೀರ್ಪು ಹೊಸ ಅರ್ಜಿಗಳನ್ನು ಹೇಗೆ ತೂಗಬೇಕು ಎಂಬುದರ ಬಗ್ಗೆ. ಮೇ ತಿಂಗಳಲ್ಲಿ ನಿಂತುಹೋದ ಅನುದಾನಗಳ ಬಗ್ಗೆ ಅಲ್ಲ. ಒಂದು ಅಭಿವ್ಯಕ್ತಿಯ ಪ್ರಶ್ನೆ, ಇನ್ನೊಂದು ಒಪ್ಪಂದದ ಪ್ರಶ್ನೆ. ಮೊದಲನೆಯದರಲ್ಲಿ ಗೆದ್ದರೆ ಎರಡನೆಯದು ತಾನಾಗಿ ಬಗೆಹರಿಯುವುದಿಲ್ಲ.

ನನ್ನ ಮಟ್ಟಿಗೆ ಎರಡನೆಯದೇ ಜಾಸ್ತಿ ಕಾಡುವ ವಿಷಯ. ಹೊಸ ಸರ್ಕಾರ ಬಂದಾಗ ಮುಂದಿನ ವರ್ಷದ ಆದ್ಯತೆ ಬದಲಿಸಲಿ, ಅದು ರಾಜಕೀಯ, ಅದರ ಪರ ವಿರೋಧ ಚರ್ಚೆ ಮಾಡಬಹುದು. ಆದರೆ ಹಳೆಯ ಆದ್ಯತೆಯನ್ನು ನಂಬಿ, ಸಾಲ ಮಾಡಿ, ಜನರಿಗೆ ಮಾತು ಕೊಟ್ಟು ಅರ್ಧ ಕೆಲಸ ಮಾಡಿದವರನ್ನು ನಡುದಾರಿಯಲ್ಲಿ ಬಿಡುವುದಕ್ಕೆ ಚುನಾವಣೆಯ ಗೆಲುವು ಸಮರ್ಥನೆ ಆಗುವುದಿಲ್ಲ. ಯೋಜನೆಯ ತಪ್ಪೇನು ಎಂದು ಒಂದು ಮಾತೂ ಹೇಳದೇ ನಿಲ್ಲಿಸಿದ್ದು ಇನ್ನೂ ಅನ್ಯಾಯ.

ದುಡ್ಡು ಸರ್ಕಾರದ್ದು, ತೀರ್ಮಾನ ಯಾರದು?

ಇದಕ್ಕೆ ಬ್ರಿಟನ್ ಕಂಡುಕೊಂಡ ದಾರಿ ಹಳೆಯದು. 1946ರಲ್ಲಿ ಅಲ್ಲಿ ಆರ್ಟ್ಸ್ ಕೌನ್ಸಿಲ್ ಸ್ಥಾಪನೆ ಆಯಿತು. ಅದರ ಹಿಂದಿದ್ದವರು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್. ಸರ್ಕಾರ ಒಟ್ಟು ಹಣ ಕೊಡಬೇಕು, ಯಾರಿಗೆ ಎಷ್ಟು ಎಂದು ಕೌನ್ಸಿಲ್ ತೀರ್ಮಾನಿಸಬೇಕು, ಮಂತ್ರಿಗಳು ಅದರಲ್ಲಿ ಕೈಹಾಕಬಾರದು. ಆಮೇಲೆ ಹಲವು ದೇಶಗಳು ಇದೇ ಮಾದರಿ ಹಿಡಿದವು.

ಮಂತ್ರಿಗಳಿಗೂ ತೀರ್ಮಾನಕ್ಕೂ ನಡುವಿನ ಈ ಗೋಡೆಯೂ ಅಷ್ಟೇನೂ ಗಟ್ಟಿಯಲ್ಲ. ಆಸ್ಟ್ರೇಲಿಯಾದ ಕಲಾ ಸಂಸ್ಥೆ 2025ರ ಫೆಬ್ರವರಿಯಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನಕ್ಕೆ ಕಲಾವಿದ ಖಾಲಿದ್ ಸಬ್ಸಾಬಿ ಅವರನ್ನು ಆರಿಸಿತು. ಅವರ ಹಳೆಯ ಕೃತಿಯೊಂದರ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಎದ್ದ ದಿನವೇ ಅವರನ್ನು ಕೈಬಿಟ್ಟಿತು. ಹೊರಗಿನವರಿಂದ ಪರಿಶೀಲನೆ ನಡೆದ ಮೇಲೆ ಜುಲೈನಲ್ಲಿ ಮತ್ತೆ ಅವರನ್ನೇ ಕರೆಯಿತು. ಸ್ವಾಯತ್ತತೆ ಕಾಗದದ ಮೇಲಿತ್ತು, ಹೆದರಿಕೆ ಬಂದಾಗ ಸಂಸ್ಥೆಯೇ ಅದನ್ನು ಬಿಟ್ಟುಕೊಟ್ಟಿತ್ತು.

ಕಲಾವಿದರು "ಯೋಜನೆ"ಗಳಾದದ್ದು

ಇಡೀ ತೊಂದರೆಗೆ ಇನ್ನೂ ಹಿಂದಿನ ಬೇರು ಒಂದಿದೆ. ಮೊದಲು ಎನ್‌ಇಎ ಕಲಾವಿದರಿಗೇ ನೇರವಾಗಿ ಹಣ ಕೊಡುತ್ತಿತ್ತು. 1990ರ ಗಲಾಟೆಗಳ ನಂತರ, ಆ ದಶಕದ ಮಧ್ಯದಲ್ಲಿ ಸಂಸತ್ತು ಅದನ್ನು ಬಹುಮಟ್ಟಿಗೆ ನಿಲ್ಲಿಸಿತು. 1996ರಲ್ಲಿ ಬಜೆಟ್ 162 ದಶಲಕ್ಷ ಡಾಲರ್‌ನಿಂದ 99 ದಶಲಕ್ಷಕ್ಕೆ ಇಳಿಯಿತು. ನೇರ ಸಹಾಯ ಉಳಿದದ್ದು ಬರಹಗಾರರ ಫೆಲೋಶಿಪ್ ಮತ್ತು ಜಾಜ್, ಜಾನಪದ ಕ್ಷೇತ್ರದ ಹಿರಿಯರಿಗೆ ಕೊಡುವ ಗೌರವಗಳಲ್ಲಿ ಮಾತ್ರ. ಉಳಿದ ಹಣ ಸಂಸ್ಥೆಗಳಿಗೆ, ಅದರಲ್ಲೂ ನಿರ್ದಿಷ್ಟ ಯೋಜನೆಗಳಿಗೆ. ದಿನನಿತ್ಯದ ಬಾಡಿಗೆ, ಸಂಬಳ, ಕರೆಂಟ್ ಬಿಲ್‌ಗೆ ಅಂತ ಯೋಜನಾ ಅನುದಾನ ಕೇಳುವಂತಿಲ್ಲ.

ಇದರ ಪರಿಣಾಮ ಕಲೆಯ ಮೇಲೇ ಆಗಿದೆ. ಶುರು, ಕೊನೆ, ಫಲಿತಾಂಶ, ಪ್ರೇಕ್ಷಕರ ಸಂಖ್ಯೆ ಇವೆಲ್ಲವನ್ನೂ ಒಂದು ವರ್ಷ ಮುಂಚೆಯೇ ಹೇಳಬಲ್ಲ ಕೆಲಸಕ್ಕೆ ಹಣ ಸಿಗುತ್ತದೆ. ಬರೆಯುತ್ತ ಬರೆಯುತ್ತ ಏನಾಗುತ್ತದೋ ನೋಡೋಣ ಎನ್ನುವ ಕೆಲಸಕ್ಕೆ ಸಿಗುವುದಿಲ್ಲ. ಆದರೆ ಒಳ್ಳೆಯ ಕೃತಿಗಳು ಎಷ್ಟೋ ಸಲ ಎರಡನೇ ದಾರಿಯಲ್ಲೇ ಬರುತ್ತವೆ, ಅಲ್ವಾ? ಯೋಜನೆಗೆ ಕೊಟ್ಟ ಹಣವನ್ನು "ಈ ಯೋಜನೆ ನಮ್ಮ ಆದ್ಯತೆ ಅಲ್ಲ" ಎಂದು ನಿಲ್ಲಿಸುವುದೂ ಸುಲಭ.

ಐರ್ಲೆಂಡ್ ಇದಕ್ಕೆ ತದ್ವಿರುದ್ಧವಾದ ಪ್ರಯೋಗ ಮಾಡಿದೆ. 2022ರಲ್ಲಿ 2,000 ಕಲಾವಿದರಿಗೆ ಮತ್ತು ಸೃಜನಶೀಲ ಕೆಲಸಗಾರರಿಗೆ ವಾರಕ್ಕೆ 325 ಯೂರೋ ಕೊಡಲು ಶುರುಮಾಡಿತು. ಮೂರು ವರ್ಷದ ಅವಧಿ. ಯೋಜನೆ ಬರೆದುಕೊಡಬೇಕಿಲ್ಲ. ನೀವು ನಿಜಕ್ಕೂ ಕಲಾವಿದರೇ ಎಂಬುದಕ್ಕೆ ಪುರಾವೆ ಕೊಟ್ಟರೆ ಸಾಕು. ಅರ್ಹರಾದ ಎಂಟು ಸಾವಿರಕ್ಕೂ ಹೆಚ್ಚು ಜನರಲ್ಲಿ ಯಾರಿಗೆ ಎಂಬುದನ್ನು ಲಾಟರಿಯಂತೆ ಎತ್ತಿ ತೀರ್ಮಾನಿಸಿದರು. ಸಿಗದವರಲ್ಲಿ 1,000 ಜನರನ್ನು ಹೋಲಿಕೆಗಾಗಿ ಗಮನಿಸಿದರು. ಹಣ ಸಿಕ್ಕವರು ಕಲೆಗೆ ಜಾಸ್ತಿ ಸಮಯ ಕೊಟ್ಟರು, ಅವರ ಆತಂಕ ಕಡಿಮೆ ಆಯಿತು ಎಂದು ಸರ್ಕಾರದ ಅಧ್ಯಯನಗಳು ಹೇಳಿದವು. ಪ್ರಯೋಗದ ನಂತರ ಇದನ್ನು ಮುಂದುವರಿಸುವುದಾಗಿ 2025ರ ಅಕ್ಟೋಬರ್‌ನ ಬಜೆಟ್‌ನಲ್ಲಿ ಅಲ್ಲಿನ ಸರ್ಕಾರ ಘೋಷಿಸಿತು.

ಲಾಟರಿಯಲ್ಲಿ ಯೋಗ್ಯತೆಗೆ ಬೆಲೆ ಇಲ್ಲ ಎಂಬ ಆಕ್ಷೇಪಣೆ ಸಣ್ಣದಲ್ಲ. ಅದರ ಒಂದು ಗುಣವನ್ನೂ ಮರೆಯಬಾರದು. ಚೀಟಿ ಎತ್ತುವ ಕಡೆ ಮಂತ್ರಿಯ ಇಷ್ಟಕ್ಕೆ ಜಾಗ ಇರುವುದಿಲ್ಲ, ಸೋತವರಿಗೆ ತಮ್ಮ ಕಲೆ ಕೀಳು ಎಂಬ ಭಾವನೆ ಬರುವುದಿಲ್ಲ.

ಮುಂದೆ ಏನಾಗಬಹುದು?

ಮೊದಲು ಕುಸಿಯುವುದು ಸಣ್ಣ ಸಂಸ್ಥೆಗಳು. ಹಿಂದುಳಿದ ಸಮುದಾಯಗಳ ನಡುವೆ ಕೆಲಸ ಮಾಡುವ ಪುಟ್ಟ ಸಂಸ್ಥೆಗಳಿಗೆಂದೇ ಇದ್ದ 10,000 ಡಾಲರ್‌ಗಳ ಅನುದಾನವನ್ನು ಎನ್‌ಇಎ 2025ರ ಫೆಬ್ರವರಿಯಲ್ಲೇ ಮುಂದಿನ ಸಾಲಿಗೆ ರದ್ದು ಮಾಡಿತ್ತು. ದೊಡ್ಡ ಮ್ಯೂಸಿಯಂಗೆ 10,000 ಲೆಕ್ಕಕ್ಕಿಲ್ಲ. ಐದು ಜನರ ಸಂಸ್ಥೆಗೆ ಅದೇ ಇಡೀ ವರ್ಷದ ಕಾರ್ಯಕ್ರಮ.

ಖಾಸಗಿ ಪ್ರತಿಷ್ಠಾನಗಳು ತುಂಬಿಕೊಡಲಿ ಎನ್ನುವವರಿದ್ದಾರೆ. ಅವು ಮುಂದೆ ಬಂದಿವೆ ಕೂಡ. ಮೆಲನ್ ಪ್ರತಿಷ್ಠಾನ, ಎನ್‌ಇಎಯ ಸೋದರ ಸಂಸ್ಥೆಯಿಂದ ಬರುತ್ತಿದ್ದ ಹಣ ಕಳೆದುಕೊಂಡ ರಾಜ್ಯಗಳ ಮಾನವಿಕ ಮಂಡಳಿಗಳಿಗೆ ತುರ್ತಾಗಿ 15 ದಶಲಕ್ಷ ಡಾಲರ್ ಕೊಟ್ಟಿತು. ಆದರೆ ಎನ್‌ಇಎಯ ವರ್ಷದ ಬಜೆಟ್ಟೇ ಸುಮಾರು 207 ದಶಲಕ್ಷ. ಅದರ ಅನುದಾನದ ಹಣದಲ್ಲಿ ಶೇ 40ರಷ್ಟು ರಾಜ್ಯ ಮತ್ತು ಪ್ರಾದೇಶಿಕ ಕಲಾ ಸಂಸ್ಥೆಗಳಿಗೆ ಹೋಗಿ, ಅಲ್ಲಿಂದ ಊರೂರಿಗೆ ಹಂಚಿಕೆಯಾಗುತ್ತದೆ. ಯಾವ ಶ್ರೀಮಂತ ಪ್ರತಿಷ್ಠಾನವೂ ಅಷ್ಟು ಒಳಗಿನ ಊರುಗಳ ತನಕ ತಲುಪುವುದಿಲ್ಲ. ಎನ್‌ಇಎ ಮುಚ್ಚುವ ಪ್ರಸ್ತಾಪ 2017ರಲ್ಲೂ ಬಂದಿತ್ತು, ಸಂಸತ್ತು ಒಪ್ಪಿರಲಿಲ್ಲ. ಆಗ ಅದನ್ನು ಉಳಿಸಿದ್ದರಲ್ಲಿ ತಮ್ಮ ಕ್ಷೇತ್ರದ ಸಣ್ಣ ಊರುಗಳಿಗೂ ಈ ಹಣ ಹೋಗುತ್ತದೆ ಎಂದು ತಿಳಿದಿದ್ದ ಎರಡೂ ಪಕ್ಷಗಳ ಸದಸ್ಯರಿದ್ದರು.

ಕಣ್ಣಿಗೆ ಬೀಳದ ಪರಿಣಾಮ ಇನ್ನೊಂದಿದೆ. ಯಾವ ಪದ ಬರೆದರೆ ಅರ್ಜಿ ಬಿದ್ದುಹೋಗಬಹುದು ಎಂದು ಅರ್ಜಿದಾರರು ಊಹೆ ಮಾಡಲು ಶುರುಮಾಡುತ್ತಾರೆ. ಮೊದಲು ಅರ್ಜಿಯ ಭಾಷೆ ಬದಲಾಗುತ್ತದೆ, ಆಮೇಲೆ ನಾಟಕದ ವಸ್ತುವೇ ಬದಲಾಗುತ್ತದೆ. ಹೀಗೆ ಹುಟ್ಟದೇ ಹೋದ ಕೃತಿಯ ಪಟ್ಟಿ ಯಾವ ಕೋರ್ಟಿನ ಮುಂದೆಯೂ ಬರುವುದಿಲ್ಲ.

ಸಹಿ ಹಾಕುವ ಮುಂಚೆ

ಅರ್ಜಿ ಹಾಕುವವರು ಈ ವ್ಯವಸ್ಥೆಯನ್ನು ನಾಳೆಯೇ ಬದಲಿಸಲಾರರು. ತಮ್ಮ ಮೇಲೆ ಬೀಳುವ ಭಾರವನ್ನು ಸ್ವಲ್ಪ ಇಳಿಸಿಕೊಳ್ಳಬಹುದು. ಮಂಜೂರಾತಿ ಪತ್ರ ಬಂದಾಗ ಸಂಭ್ರಮದಲ್ಲಿ ಸಹಿ ಹಾಕುವ ಮುಂಚೆ, ಯಾವ ಕಾರಣಕ್ಕೆ ಒಪ್ಪಂದ ನಿಲ್ಲಿಸಬಹುದು ಎಂಬ ಕಲಮನ್ನು ಹುಡುಕಿ ಓದಬೇಕು. ಹಣ ಮುಂಗಡವಾಗಿ ಬರುತ್ತದಾ, ಖರ್ಚಾದ ಮೇಲಾ? ನಿಲ್ಲಿಸಿದರೆ ಆಗಲೇ ಮಾತು ಕೊಟ್ಟಿರುವ, ಇನ್ನೂ ಪಾವತಿ ಆಗದ ಸಂಭಾವನೆಯನ್ನು ಕೇಳಬಹುದಾ? ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಹೆಚ್ಚಿನವರು ಕೇಳುವುದೇ ಇಲ್ಲ.

ಬಜೆಟ್ ಬರೆಯುವಾಗ ನಗದನ್ನೂ ಉಚಿತವಾಗಿ ಸಿಕ್ಕ ನೆರವಿನ ಬೆಲೆಯನ್ನೂ ನಿಮಗಾಗಿ ಬೇರೆಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ತಿಂಗಳು ಎಷ್ಟು ನಗದು ಬೇಕು ಎಂಬುದೂ ಅದರಲ್ಲಿ ಇರಲಿ. ಸಾಧ್ಯವಾದರೆ ಕೆಲಸವನ್ನು ಹಂತಗಳಾಗಿ ಒಡೆಯಿರಿ. ಮೊದಲ ಹಂತದ ಕೊನೆಗೆ ಒಂದು ಓದು, ಒಂದು ಸಣ್ಣ ಪ್ರದರ್ಶನ, ಒಂದು ಪ್ರಕಟಣೆ, ಏನೋ ಒಂದು ಜನರ ಮುಂದೆ ಬರುವಂತಿರಲಿ. ಆಗ ಹಣ ನಡುವೆ ನಿಂತರೂ ಅಲ್ಲಿಯವರೆಗಿನ ಕೆಲಸ ಪೂರ್ತಿ ಹಾಳಾಗುವುದಿಲ್ಲ. ಇನ್ನೊಂದು ದಾನಿಯ ಬಳಿ ಹೋಗುವಾಗ ತೋರಿಸಲಿಕ್ಕೂ ಏನಾದರೂ ಇರುತ್ತದೆ.

ನಟರು, ವಾದ್ಯಗಾರರು, ಅನುವಾದಕರ ಜೊತೆ ಮಾಡಿಕೊಳ್ಳುವ ಕರಾರಿನಲ್ಲಿ ಅನುದಾನ ನಿಂತರೆ ಅವರಿಗೆ ಕನಿಷ್ಠ ಎಷ್ಟು ಸಿಗುತ್ತದೆ ಎಂದು ಮೊದಲೇ ಬರೆದಿಡಿ. ದಾನಿ ಸಂಸ್ಥೆಯಿಂದ ಉತ್ತರ ಪಡೆಯುವಾಗ ಫೋನಿನ ಮಾತಿಗೆ ನಿಲ್ಲಬೇಡಿ, ಇಮೇಲ್‌ನಲ್ಲಿ ಕೇಳಿ. ಅನುದಾನದ ಬಗ್ಗೆ ಅರ್ಜಿದಾರರ ಪ್ರಶ್ನೆಗಳಿಗೆ ಉತ್ತರಿಸಲೆಂದೇ ಬಹಳಷ್ಟು ಸಂಸ್ಥೆಗಳಲ್ಲಿ ಒಬ್ಬ ಅಧಿಕಾರಿ ಇರುತ್ತಾರೆ. ಅವರ ಉತ್ತರವನ್ನು ಒಪ್ಪಂದದ ಪ್ರತಿಯ ಜೊತೆಗೇ ಇಟ್ಟುಕೊಳ್ಳಿ.